ಮದುಮಗಳ ಮುಖದ ಬಣ್ಣ

ಮಾರ್ಚ್ ೧೪, ಶುಕ್ರವಾರ

"ಕಲರ್ ಫಿಲ್ಮ್ ಬಂತಲ್ಲ, ಫೋಟೋಗೆ ಕುಂಚದಲ್ಲಿ ಬಣ್ಣ ತುಂಬೋ ನಿಮ್ಮ ಕೆಲಸ ಈ ತಿಂಗಳಿಗೆ ಮುಗೀತು" ಎಂದು ಸ್ಟುಡಿಯೋ ಯಜಮಾನರು ಅಂದದ್ದು ವಾರದಿಂದ ಚುಚ್ಚುತ್ತಿತ್ತು.

ಇವತ್ತು ಮದುಮಗಳೂ ಅವಳ ತಾಯಿಯೂ ಬಂದರು. ನಮ್ಮ ಸ್ಟುಡಿಯೋದ ಮೊದಲ ಕಲರ್ ಫೋಟೋ ಅವಳದೇ; ಅದನ್ನು ನೋಡಿ ತಾಯಿ ರೇಗಿದರು. "ನನ್ನ ಮಗಳೇನು ಟೊಮೇಟೋನಾ?"

ನಾನು ಹುಡುಗಿಯನ್ನು ಕಿಟಕಿಯ ಬೆಳಕಲ್ಲಿ ಕೂರಿಸಿ ನೋಡಿದೆ. "ಕೆಂಪು ಇಳಿಸಿ, ಹಳದಿ ಚೂರು ಇರಲಿ" ಅಂದೆ. ಯಜಮಾನರು ಡಾರ್ಕ್‌ರೂಮಿಗೆ ಹೋಗಿ ಹಾಗೇ ಮತ್ತೆ ಪ್ರಿಂಟ್ ಹಾಕಿದರು. ಮೂರನೇ ಪ್ರಿಂಟಿಗೆ ಅವಳದೇ ಮೈಬಣ್ಣ ಬಂತು.

"ಈಗ ಬಂದಳು ನೋಡಿ ನನ್ನ ಮಗಳು!" ತಾಯಿಯ ಕಣ್ಣು ತುಂಬಿತ್ತು.

"ಕೆಲಸ ಬಿಡಬೇಡಿ, ಸೋಮವಾರದಿಂದ ಡಾರ್ಕ್‌ರೂಮಿಗೆ ಬನ್ನಿ" ಎಂದರು ಯಜಮಾನರು.

"ಬರ್ತೀನಿ. ಆದರೆ ಯಾವ ಪ್ರಿಂಟ್ ಸರಿ ಅಂತ ನಾನೇ ಹೇಳೋದು."

ಒಪ್ಪಿದರು. ಕುಂಚವಾದರೇನು, ಮೆಷಿನ್ ಆದರೇನು, ಹದಿನೆಂಟು ವರ್ಷ ಜನರ ಕೆನ್ನೆಗೆ ಬಣ್ಣ ಹಚ್ಚಿದ ಕಣ್ಣು ನನ್ನದು.