ತಾನಾಗಿ ಹತ್ತುತ್ತಿದ್ದ ಮೊರೆದೀಪ

ಬೆಟಗೇರಿ,
ಕ್ರಿಸ್ತಶಕ 2194, ಮಂಜಿನ ತಿಂಗಳ ಮೂವತ್ತಮೂರನೆಯ ದಿನ

ಬೇರವ್ವ ಪ್ರಭಾವತಿ ಅವರಿಗೆ, ನಿಮ್ಮಿಂದ ಐದನೆಯ ತಲೆಮಾರಿನವಳಾದ ತಬಿಥಾ ಮಾಡುವ ವಂದನೆಗಳು.

ಮೂವತ್ತಮೂರನೆಯ ದಿನ ಎಂಬುದನ್ನು ಓದಿ ನಿಮಗೆ ನಗು ಬಂದಿರಬಹುದು. ಈಗ ನಮ್ಮ ವರ್ಷಕ್ಕೆ ಹತ್ತೇ ತಿಂಗಳು, ಹಾಗಾಗಿ ಪ್ರತಿ ತಿಂಗಳೂ ನಿಮ್ಮ ತಿಂಗಳಿಗಿಂತ ಉದ್ದ. ಇಂಥ ಇನ್ನೂ ಕೆಲವು ವಿಚಿತ್ರಗಳು, ನೀವು ಕೇಳದ ಕೆಲವು ಮಾತುಗಳು ಈ ಓಲೆಯಲ್ಲಿ ಬಂದಾವು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಬೇರವ್ವ ಎಂದರೆ ಬೇರಿನಂಥ ತಾಯಿ; ಬಹಳ ಹಿಂದಿನ ಅಜ್ಜಿಯರನ್ನು ನಾವು ಹಾಗೆ ಕರೆಯುತ್ತೇವೆ. ಅರವತ್ತು ತುಂಬಿದ ಪ್ರತಿಯೊಬ್ಬ ಸದಸ್ಯರೂ ದೀಕ್ಷಾಸ್ನಾನದ ದಾಖಲೆ ಪುಸ್ತಕದಿಂದ ತಮ್ಮ ಹಿರಿಯರಲ್ಲಿ ಒಬ್ಬರ ಹೆಸರನ್ನು ಆರಿಸಿ ಅವರಿಗೊಂದು ಓಲೆ ಬರೆಯುವುದು ನಮ್ಮ ಸಭೆಯ ರೂಢಿ. ಅದಕ್ಕೆ ಹಿನ್ನೋಲೆ ಎನ್ನುತ್ತೇವೆ. ಒಂದು ಭಾನುವಾರ ಅದನ್ನು ಎಲ್ಲರೆದುರು ಓದಿ ಪೆಟ್ಟಿಗೆಯಲ್ಲಿಡುತ್ತಾರೆ. ಅದು ನಿಮ್ಮನ್ನು ಮುಟ್ಟುವುದಿಲ್ಲ ಎಂಬುದು ನಮಗೂ ಗೊತ್ತು. ಆದರೆ ಹಿರಿಯರಿಗೆ ಬರೆಯುವಾಗ ಸುಳ್ಳು ಬರೆಯಲು ಕೈ ಹಿಂಜರಿಯುತ್ತದೆ. ಈ ರೂಢಿ ಉಳಿದಿರುವುದು ಅದಕ್ಕೇ ಇರಬೇಕು. ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ‘ಶಾಲಾ ಶಿಕ್ಷಕಿ, ಪ್ರಾರ್ಥನಾಕೂಟ ನಡೆಸುವವರು’ ಎಂದಿದೆ. ನಾನೂ ಸ್ತ್ರೀಯರ ಕೂಟ ನಡೆಸಿದವಳು. ನಾನು ಹೇಳಬೇಕಾದದ್ದು ನಿಮಗೆ ಅರ್ಥವಾದೀತು ಎನ್ನಿಸಿತು.

ನೀವು ನಡೆದಾಡಿದ ಬೆಟಗೇರಿಯನ್ನು ಈಗ ನೀವು ಗುರುತಿಸಲಾರಿರಿ. ಬಿಸಿಲಿಗೆ ಹೆದರಿ ಮನೆಗಳನ್ನು ಅರ್ಧ ನೆಲದೊಳಗೆ ಕಟ್ಟಿಕೊಂಡಿದ್ದೇವೆ. ಮುಂಜಾನೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಆರಾಧನೆ ಬೆಳಗಿನ ಐದಕ್ಕೆ. ಊರಿನ ಮಗ್ಗಗಳು ಇನ್ನೂ ನಿಂತಿಲ್ಲ. ಆದರೆ ಅವುಗಳಿಂದ ಈಗ ಸೀರೆ ಇಳಿಯುವುದಿಲ್ಲ, ಮಂಜುಬಲೆ ಇಳಿಯುತ್ತದೆ. ಕೂದಲೆಳೆಯಂಥ ದಾರದಿಂದ ನೇಯ್ದ ಈ ಬಲೆಗಳನ್ನು ಕಪ್ಪತಗುಡ್ಡದ ನೆತ್ತಿಯ ಮೇಲೆ ಕಂಬಗಳಿಗೆ ಕಟ್ಟುತ್ತಾರೆ. ರಾತ್ರಿಯ ಮಂಜು ಅವುಗಳಲ್ಲಿ ಸಿಕ್ಕಿ ಹನಿಯಾಗಿ ಕೊಳವೆಗಿಳಿಯುತ್ತದೆ. ನಾವು ಕುಡಿಯುವ ನೀರು ಅದೇ. ನಾನು ನಲವತ್ತು ವರ್ಷ ಬಲೆ ನೇಯ್ದವಳು. ನನ್ನ ಗೆಳತಿ ಯೂನಿಕೆಯ ಗಂಡ ಸಿಮೆಯೋನ ಆ ಬಲೆಗಳನ್ನು ಕಂಬಕ್ಕೆ ಕಟ್ಟುತ್ತಿದ್ದವನು.

ಇನ್ನು ಮೊರೆದೀಪದ ವಿಷಯ ಹೇಳಬೇಕು. ಅದು ಅಂಗೈಯಗಲದ ಗಾಜಿನ ಬಿಲ್ಲೆ, ಪ್ರತಿ ವಿಶ್ವಾಸಿಯ ಮನೆಯ ಗೋಡೆಯಲ್ಲೂ ಇರುತ್ತದೆ. ಯಾರಿಗಾದರೂ ಕಷ್ಟ ಬಂದರೆ ಅವರ ಹೆಸರು ಅದರ ಮೇಲೆ ಮೂಡುತ್ತದೆ. ನಾವು ಅವರಿಗಾಗಿ ಪ್ರಾರ್ಥಿಸಿ ಆ ಹೆಸರನ್ನು ಒತ್ತಬೇಕು. ಒತ್ತಿದೊಡನೆ ನಮ್ಮ ದೀಪವೂ ಅವರ ಮನೆಯ ದೀಪವೂ ಒಟ್ಟಿಗೆ ಹತ್ತುತ್ತವೆ, ಅವರ ದೀಪದ ಮೇಲೆ ನಮ್ಮ ಹೆಸರು ಕಾಣುತ್ತದೆ. ಅದನ್ನು ಮಾಡಿದವರ ಮನಸ್ಸು ಒಳ್ಳೆಯದೇ ಇತ್ತು. ನಾನೂ ಮೊದಲ ವರ್ಷಗಳಲ್ಲಿ ಅದರ ಮುಂದೆ ಮೊಣಕಾಲೂರಿಯೇ ಒತ್ತುತ್ತಿದ್ದೆ.

ಆಮೇಲೆ ನಿಂತುಕೊಂಡು ಒತ್ತತೊಡಗಿದೆ. ಮೊಣಕಾಲು ನೋಯುತ್ತಿತ್ತು, ಅದರಲ್ಲೇನೂ ತಪ್ಪಿರಲಿಲ್ಲ. ಮುಂದೆ, ಮೊದಲು ಒತ್ತಿ ಆಮೇಲೆ ಪ್ರಾರ್ಥಿಸಿದರಾಯಿತು ಎಂದುಕೊಂಡೆ. ಕೆಲವು ದಿನ ಆ ‘ಆಮೇಲೆ’ ಬರುತ್ತಿತ್ತು, ಕೆಲವು ದಿನ ಬರುತ್ತಿರಲಿಲ್ಲ. ಸಾರಿಗೆ ಒಗ್ಗರಣೆ ಹಾಕುತ್ತ ಎಡಗೈಯಿಂದ ಒತ್ತಿದ್ದೇನೆ. ನಾದಿನಿಯ ಮೇಲೆ ರೇಗುತ್ತಲೇ ಒತ್ತಿದ್ದೇನೆ. ಎದುರಿಗೆ ಸಿಕ್ಕವರು “ನನ್ನ ಸಲುವಾಗಿ ಪ್ರಾರ್ಥನಾ ಮಾಡ್ರಿ” ಎಂದರೆ “ದಿನಾ ಮಾಡ್ತೀನ್ರಿ” ಎನ್ನುತ್ತಿದ್ದೆ. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಅವರ ಹೆಸರೇ ಮರೆತಿರುತ್ತಿತ್ತು. ಇದಕ್ಕೆ ಸುಳ್ಳು ಎಂಬ ಹೆಸರಿದೆ ಎಂದು ನನಗೆ ಹೊಳೆಯಲೇ ಇಲ್ಲ. ನಾನು ಕದ್ದವಳಲ್ಲ, ಯಾರ ಮನೆಯನ್ನೂ ಮುರಿದವಳಲ್ಲ. ಕೂಟದಲ್ಲಿ ನನ್ನ ದನಿ ಎಲ್ಲರಿಗಿಂತ ಗಟ್ಟಿಯಾಗಿತ್ತು. ಕೀರ್ತನೆ ಹಾಡುವಾಗ ಮೊದಲೆಲ್ಲ ಕಣ್ಣು ತುಂಬಿ ಬರುತ್ತಿತ್ತು, ಈಗ ಬರುತ್ತಿಲ್ಲ ಎಂಬುದೊಂದನ್ನು ಗಮನಿಸಿದ್ದೆ. ವಯಸ್ಸಾಯಿತು ಎಂದುಕೊಂಡೆ.

ಎಂಟು ವರ್ಷಗಳ ಹಿಂದೆ ಸಿಮೆಯೋನ ಗುಡ್ಡದ ಮೇಲಿನ ಕಂಬದಿಂದ ಬಿದ್ದ. ಗಾಳಿ ಒಮ್ಮೆಲೆ ತಿರುಗಿತಂತೆ. ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿತು, ಆಸ್ಪತ್ರೆಯಲ್ಲಿ ಉಸಿರುಯಂತ್ರ ಹಾಕಿದರು. ಅವನ ಹೆಸರು ಎಲ್ಲರ ಮೊರೆದೀಪದ ಮೇಲೂ ಮೂಡಿತು. ಮೊದಲ ಎರಡು ದಿನ ನಾನು ಅತ್ತು ಪ್ರಾರ್ಥಿಸಿದೆ, ಅದು ನಿಜ. ಮೂರನೆಯ ದಿನ ಮಗ್ಗದ ಕೆಲಸ ಬಹಳವಿತ್ತು. ಮೊರೆದೀಪದಲ್ಲಿ ಇನ್ನೊಂದು ಸೌಕರ್ಯವಿದೆ: ಇಂಥ ಹೊತ್ತಿಗೆ ಇಂಥ ಹೆಸರು ಎಂದು ಹೇಳಿಟ್ಟರೆ ದಿನವೂ ತಾನಾಗಿಯೇ ಹತ್ತುತ್ತದೆ. ಹಾಸಿಗೆ ಹಿಡಿದವರಿಗೆಂದು ಮಾಡಿದ್ದು ಅದು. ಸಂಜೆ ಆರಕ್ಕೆ ಎಂದು ಹೇಳಿಟ್ಟೆ. ಬೇರವ್ವ, ಆ ಹೊತ್ತಿನಲ್ಲಿ ನನಗೆ ನೆಮ್ಮದಿಯೇ ಆಯಿತು. ಗೆಳತಿಗೆ ಒಂದು ದಿನವೂ ತಪ್ಪುವುದಿಲ್ಲವಲ್ಲ ಎಂದುಕೊಂಡೆ.

ನಲವತ್ತನೆಯ ದಿನ ಸಂಜೆ ಯೂನಿಕೆ ನಮ್ಮ ಮನೆಯ ಮೆಟ್ಟಿಲಿಳಿದು ಬಂದಳು. ನಾನು ಆಸ್ಪತ್ರೆಗೆ ಹೋಗಿದ್ದು ಮೊದಲ ವಾರ ಎರಡು ಸಲ, ಅಷ್ಟೆ. ಅವಳ ಕೊರಳೆಲುಬು ಎದ್ದು ಕಾಣುತ್ತಿತ್ತು. ನೀರು ಕೊಟ್ಟೆ. ಅವಳು ಕುಡಿಯದೆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದಳು.

“ನಾಳೆ ಮುಂಜಾನಿ ಡಾಕ್ಟರ್ ಉತ್ತರಾ ಕೇಳ್ತಾರ. ಯಂತ್ರಾ ತಗೀಬೇಕೋ, ಇನ್ನೂ ನೋಡಬೇಕೋ ಅಂತ. ನನಗ ತಿಳಿಯವಲ್ದು ತಬಿಥಾ. ಉಳದವರು ಎಂಟ ದಿನಾ ಒತ್ತಿ ಬಿಟ್ರು. ಆರು ಬಡೀತಂದ್ರ ನಿನ್ನ ದೀಪಾ ಮಾತ್ರ ಹತ್ತತೈತಿ, ಒಂದ ನಿಮಿಷ ಹಿಂದಿಲ್ಲ, ಮುಂದಿಲ್ಲ. ನಲವತ್ತ ದಿನಾ ಅವರನ್ನ ದೇವರ ಮುಂದ ಹಿಡದಾಕಿ ನೀ. ಇವತ್ತ ನನ್ನ ಮುಂದ, ನನಗ ಕೇಳೂಹಂಗ ಒಮ್ಮೆ ಪ್ರಾರ್ಥನಾ ಮಾಡು. ಕೇಳಿದ ಮ್ಯಾಲ ನಾ ನಾಳೆ ಏನ ಹೇಳಬೇಕು ಅನ್ನೂದು ಗಟ್ಟಿ ಮಾಡ್ತೀನಿ.”

ಅವಳು ಲೋಟ ಕೆಳಗಿಟ್ಟು ಕಣ್ಣು ಮುಚ್ಚಿ ಕೈ ಜೋಡಿಸಿದಳು. “ಕರ್ತನೇ” ಎಂದೆ. ಕೂಟದಲ್ಲಿ ಹೇಳುವ ಮಾತುಗಳೆಲ್ಲ ನನಗೆ ಬಾಯಿಪಾಠ, ಯಾವುದನ್ನಾದರೂ ಹೇಳಿಬಿಡಬಹುದಿತ್ತು. ಆದರೆ ಅವಳು ನನ್ನ ಮಾತಿನ ಮೇಲೆ ಗಂಡನ ಉಸಿರನ್ನೇ ಇಡಲು ಬಂದಿದ್ದಳು. ಒಳಗೆ ಹುಡುಕಿದೆ. ಅಲ್ಲಿ ಏನೂ ಇರಲಿಲ್ಲ. ಸಿಮೆಯೋನನ ಮುಖವನ್ನು ನೆನೆಯಲು ಹೋದರೆ ಅದೂ ಮಸುಕು. ನಾನು ಹಾಗೆ ಬಾಯಿ ತೆರೆದು ಕೂತಿದ್ದಾಗಲೇ ಆರು ಗಂಟೆಯಾಯಿತು, ಎದುರಿನ ಗೋಡೆಯಲ್ಲಿ ಮೊರೆದೀಪ ಹತ್ತಿತು. ಮುಚ್ಚಿದ ರೆಪ್ಪೆಯ ಮೇಲೆ ಬೆಳಕು ಬಿದ್ದು ಯೂನಿಕೆ ಕಣ್ಣು ತೆರೆದಳು. ದೀಪವನ್ನು ನೋಡಿದಳು. ತೊಡೆಯ ಮೇಲಿದ್ದ ನನ್ನ ಕೈಗಳನ್ನು ನೋಡಿದಳು.

“ನೀ ಇಲ್ಲೇ ಕುಂತೀಯಲ್ಲ. ಅದನ್ನ ಯಾರ ಒತ್ತಿದ್ರು?”

“ಯಾರೂ ಒತ್ತಿಲ್ಲ. ದಿನಾ ಆರಕ್ಕ ಹತ್ತು ಅಂತ ಹೇಳಿಟ್ಟೀನಿ. ತಾನ ಹತ್ತತೈತಿ.”

“ಮತ್ತ ಪ್ರಾರ್ಥನಾ?”

“ಮೊದಲ ಎರಡ ದಿನಾ ಮಾಡಿದ್ದೆ. ಆಮ್ಯಾಲ ಮಾಡಿಲ್ಲ ಯೂನಿಕೆ.”

ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಅವಳು ದೀಪ ಆರುವವರೆಗೂ ಅದನ್ನೇ ನೋಡುತ್ತ ಕೂತು, ಆಮೇಲೆ ಮೆಲ್ಲಗೆ ಹೇಳಿದಳು: “ಸಂಜಿಗೆ ಆಸ್ಪತ್ರಿಯಿಂದ ಮನಿಗೆ ಬಂದು, ಆ ಬೆಳಕ ಬಂದ ಮ್ಯಾಲ ನಾ ತುತ್ತು ಎತ್ತತಿದ್ದೆ. ತಬಿಥಾ ಈಗ ಅವರ ಹೆಸರ ಹೇಳಾಕತ್ತಾಳ, ನಾ ಒಂದ ಗಳಿಗಿ ಸುಮ್ಮನಿದ್ರ ನಡೀತೈತಿ ಅಂತ.” ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ಲೋಟದ ನೀರು ಹಾಗೆಯೇ ಇತ್ತು. ಇಲ್ಲಿ ನೀರು ಚೆಲ್ಲುವಂತಿಲ್ಲ. ಅದನ್ನು ನಾನೇ ಕುಡಿಯಬೇಕಾಯಿತು.

ಮರುದಿನ ಆರಾಧನೆಗೂ ಹೋಗದೆ ಆಸ್ಪತ್ರೆಗೆ ನಡೆದೆ. ಸಿಮೆಯೋನನ ಕೋಣೆಯ ಹೊರಗೆ ಬೆಂಚಿನ ಮೇಲೆ ಅವಳೊಬ್ಬಳೇ ಇದ್ದಳು. ವೈದ್ಯರು ಇನ್ನೂ ಬಂದಿರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಅವಳನ್ನು ಕಂಡೊಡನೆ ಬೇಡವೆನ್ನಿಸಿದವು. “ಕೂಡಾಕ ಬಂದೀನಿ” ಎಂದೆ. ಅವಳು ನನ್ನತ್ತ ನೋಡಲಿಲ್ಲ. ಆದರೆ ಸ್ವಲ್ಪ ಸರಿದು ಜಾಗ ಕೊಟ್ಟಳು. ಬಹಳ ಹೊತ್ತು ಕೂತೆವು. ಬಾಗಿಲ ಗಾಜಿನಿಂದ ಅವನ ಪಾದಗಳು ಮಾತ್ರ ಕಾಣುತ್ತಿದ್ದವು, ಒಂದರ ಹಿಮ್ಮಡಿಯಲ್ಲಿ ಹಳೆಯ ಬಿರುಕು. ಆ ಬಿರುಕನ್ನು ನೋಡಿದಾಗ ಅವನು ನನಗೆ ಮತ್ತೆ ಮನುಷ್ಯನಾದ. ನನಗೇ ತಿಳಿಯದೆ ಬಾಯಿಂದ ಬಂತು: “ಕರ್ತನೇ, ಸಿಮೆಯೋನ ಒಳಗ ಮಲಗ್ಯಾನ. ಯೂನಿಕೆ ಇಲ್ಲಿ ಕುಂತಾಳ. ಏನ ಕೇಳಬೇಕು ನಮಗ ತಿಳಿಯವಲ್ದು.” ಅಷ್ಟೇ. ಅದಕ್ಕಿಂತ ಮುಂದೆ ಬರಲಿಲ್ಲ. ಅವಳು “ಆಮೆನ್” ಎಂದಳು. ಆಮೇಲೆ ವೈದ್ಯರು ಬಂದರು, ಅವಳು ಇನ್ನೂ ಹತ್ತು ದಿನ ನೋಡೋಣವೆಂದು ಕೇಳಿಕೊಂಡಳು.

ಆ ಹತ್ತು ದಿನವೂ ಮುಂಜಾನೆ ಅಲ್ಲಿಗೆ ಹೋದೆ. ಪ್ರಾರ್ಥನೆ ಎಂಬುದು ನನಗೆ ಕೆಲಸ ಮರೆತ ಕೈಯಂತಾಗಿತ್ತು. ಕೆಲವು ದಿನ ಬರೀ ಎರಡು ಹೆಸರು ಹೇಳಿ ಸುಮ್ಮನಾಗುತ್ತಿದ್ದೆ. ನಡುವೆ ಮನಸ್ಸು ಮಗ್ಗದ ಕಡೆಗೆ ಓಡಿದರೆ ಹಿಂದೆ ಎಳೆದು ತರುತ್ತಿದ್ದೆ. ಒಂಬತ್ತನೆಯ ದಿನ ಸಿಮೆಯೋನ ಕಣ್ಣು ತೆರೆದ. ನಾನು ಪ್ರಾರ್ಥಿಸಿದ್ದಕ್ಕೆ ಎದ್ದ ಎಂದು ನಾನು ಹೇಳುವುದಿಲ್ಲ, ಅದಕ್ಕೆ ಮೊದಲು ಪ್ರಾರ್ಥಿಸದೆ ಇದ್ದುದಕ್ಕೆ ಮಲಗಿದ್ದ ಎಂದೂ ಹೇಳುವುದಿಲ್ಲ. ದೇವರು ನನ್ನ ಬಾಯಿಗೆ ಕಾದು ಕೂತವನಲ್ಲ. ಕಾದು ಕೂತವಳು ಯೂನಿಕೆ. ಆ ಬೆಂಚಿನ ಮೇಲೆ ನಲವತ್ತು ದಿನ ಅವಳ ಪಕ್ಕದ ಜಾಗ ಖಾಲಿಯಿತ್ತು. ಅದು ನಾನು ಕೂರಬೇಕಾಗಿದ್ದ ಜಾಗ.

ಸಿಮೆಯೋನನ ಮೈಯ ಎಡಭಾಗ ಮರಳಿ ಬರಲಿಲ್ಲ. ಆದರೂ ಮನೆಗೆ ಬಂದ, ನಾಲ್ಕು ತಿಂಗಳು ಬದುಕಿದ. ಒಂದು ದಿನ ಅವನ ಹಾಸಿಗೆಯ ಬಳಿ ಕೂತು ದೀಪದ ಸಂಗತಿಯನ್ನೆಲ್ಲ ಅವನಿಗೇ ಹೇಳಿದೆ. ಅವನು ಅರ್ಧ ಬಾಯಿಂದ ನಕ್ಕ. “ನಾನೂ ಗುಡ್ಡಕ್ಕ ಹೋಗೂ ಮುಂದ ಹಂಗ ಹೇಳಿಡ್ತಿದ್ದೆ ತಬಿಥಕ್ಕ. ಹನ್ನೆರಡ ಮಂದಿ ಹೆಸರು” ಎಂದ. ಯೂನಿಕೆ ಅವನಿಗೆ ಗಂಜಿ ಕುಡಿಸುತ್ತಿದ್ದವಳು ಚಮಚ ನಿಲ್ಲಿಸಿದಳು. ಅವನು ನುಂಗಿಕೊಂಡು ನಿಧಾನವಾಗಿ ಹೇಳಿದ: “ಸಭಾದಾಗ ಹೇಳು. ನಾ ಇರೂದರೊಳಗ ಹೇಳು.”

ಮುಂದಿನ ಭಾನುವಾರ ಎದ್ದು ನಿಂತು ಹೇಳಿದೆ. ಸಿಮೆಯೋನನನ್ನು ಕುರ್ಚಿಯಲ್ಲಿ ಕೂರಿಸಿ ತಂದಿದ್ದರು. ಕೆಲವರಿಗೆ ಸಿಟ್ಟು ಬಂತು. “ನಿನ್ನ ತಪ್ಪು ನಮ್ಮ ತಲೀಗೆ ಯಾಕ ಕಟ್ಟತೀ” ಎಂದು ಒಬ್ಬರು ಅಲ್ಲೇ ಕೇಳಿದರು. ಅವರ ಮಾತೂ ಸರಿಯೇ. ಹಲವರು ತಲೆ ತಗ್ಗಿಸಿದರು. ಕೂಟದ ಮುಂದಾಳುತನವನ್ನು ಬಿಟ್ಟುಕೊಟ್ಟೆ. ಆ ವಾರದಿಂದ ಸಂಜೆಯ ಹೊತ್ತು ಬೀದಿಗಳಲ್ಲಿ ಜನ ಕಾಣತೊಡಗಿದರು. ಒತ್ತುವ ಬದಲು ಎದ್ದು ಹೋಗಿ ಬಾಗಿಲು ತಟ್ಟುತ್ತಿದ್ದರು. ಎಲ್ಲರೂ ಅಲ್ಲ, ಬಹಳ ದಿನವೂ ಅಲ್ಲ. ಆದರೆ ಸಿಮೆಯೋನನ ಕೊನೆಯ ವಾರದಲ್ಲಿ ಅವನ ಮನೆಯ ಮೆಟ್ಟಿಲ ಮೇಲೆ ಚಪ್ಪಲಿ ಇಡಲು ಜಾಗವಿರಲಿಲ್ಲ. ಯೂನಿಕೆ ಒಬ್ಬೊಬ್ಬರ ಹೆಸರನ್ನೂ ಅವನ ಕಿವಿಯಲ್ಲಿ ಹೇಳುತ್ತಿದ್ದಳು. ನನ್ನ ಸರದಿ ಬಂದಾಗ, “ತಬಿಥಾ. ತಡಾ ಮಾಡಿ ಬಂದ್ಲು. ಆದ್ರ ಬಂದ್ಲು” ಎಂದಳು. ಅವಳು ನನ್ನನ್ನು ಕ್ಷಮಿಸಿದ್ದು ಆ ಎರಡು ಮಾತಿನಲ್ಲೇ. ಅದನ್ನು ನಾವು ಮತ್ತೆಂದೂ ಎತ್ತಿ ಆಡಿಲ್ಲ.

ಬೇರವ್ವ, ದೊಡ್ಡ ಪಾಪ ಬಾಗಿಲು ಬಡಿದು ಬರುತ್ತದೆ. ಮನೆಯವರು ಎದ್ದು ಕೂರುತ್ತಾರೆ. ನನ್ನೊಳಗೆ ಬಂದದ್ದು ಬಡಿಯಲಿಲ್ಲ. ಅದು ನನ್ನ ಸೌಕರ್ಯಕ್ಕೆಂದು ಬಂತು, ಒಳ್ಳೆಯ ಹೆಸರಿಟ್ಟುಕೊಂಡು ಬಂತು, ನಾನೇ ಅದಕ್ಕೆ ಮಣೆ ಹಾಕಿದೆ. ನಿಮ್ಮ ಕಾಲದಲ್ಲಿ ಎಲ್ಲರ ಕೈಯಲ್ಲೂ ಒಂದು ಪುಟ್ಟ ಫೋನ್ ಇರುತ್ತಿತ್ತಂತೆ. ಯಾರಾದರೂ ಕಷ್ಟ ಹೇಳಿಕೊಂಡರೆ ಮುಗಿದ ಕೈಗಳ ಒಂದು ಚಿತ್ರವನ್ನು ಕಳಿಸುತ್ತಿದ್ದರೆಂದು ಓದಿದ್ದೇನೆ. ಕಳಿಸಬೇಡಿ ಎನ್ನಲಾರೆ. ಕಳಿಸುವ ಮೊದಲು ಒಂದು ಗಳಿಗೆ ನಿಂತು, ಕೈಯಲ್ಲಿ ಪಲ್ಯ ಹೆಚ್ಚುವ ಚಾಕುವಿದ್ದರೆ ಅದನ್ನು ಕೆಳಗಿಟ್ಟು, ಆ ಹೆಸರನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿ. ಇಷ್ಟೇ ನನ್ನ ಬೇಡಿಕೆ. ನೀವು ಉಳಿಸಿಕೊಂಡದ್ದೇ ಅಲ್ಲವೇ ಕೈಯಿಂದ ಕೈಗೆ ನಮ್ಮವರೆಗೆ ಬರಬೇಕಾದದ್ದು.

ಓಲೆಯ ಕೊನೆಗೆ ‘ನಿಮಗಾಗಿ ಪ್ರಾರ್ಥಿಸುವ’ ಎಂದು ಬರೆದು ಸಹಿ ಮಾಡುವುದು ಕ್ರೈಸ್ತರಾದ ನಮ್ಮಲ್ಲಿ ನಿಮ್ಮ ಕಾಲದಿಂದಲೂ ಬಂದದ್ದು. ಬರೆಯುವ ಮೊದಲು ಲೇಖನಿ ಕೆಳಗಿಟ್ಟು ಎದ್ದು ಹೋಗಿ ಮೊಣಕಾಲೂರಿದೆ. ನಿಮ್ಮ ಮುಖ ನನಗೆ ಗೊತ್ತಿಲ್ಲ, ಹಾಗಾಗಿ ನಿಮ್ಮ ಹೆಸರನ್ನೇ ಮೂರು ಸಲ ಹೇಳಿದೆ. ನಿಮ್ಮ ಶಾಲೆಯ ಮಕ್ಕಳಿಗಾಗಿ ಕೇಳಿಕೊಂಡೆ. ನಿಮ್ಮ ಮಗಳಿಗಾಗಿ, ಅಂದರೆ ನನ್ನ ಅಜ್ಜಿಯ ಅಜ್ಜಿಗಾಗಿ, ಕೇಳಿಕೊಂಡೆ. ಏಳುವಾಗ ಗೋಡೆ ಹಿಡಿಯಬೇಕಾಯಿತು, ಮೊಣಕಾಲಿನ್ನೂ ನೋಯುತ್ತಿದೆ.

ನಿಮಗಾಗಿ ಪ್ರಾರ್ಥಿಸಿದ,
ತಬಿಥಾ