ರಕ್ತ ಬಾರದ ವಸಡು

ದಾವಣಗೆರೆ
ತಣಿಶಕೆ ನೂರ ಹದಿನೆಂಟು, ಎರಡನೇ ಜ್ಯೇಷ್ಠದ ಮೂವತ್ತಮೂರನೇ ದಿನ

ದಂತ ಸ್ವಚ್ಛತೆಯ ಮೊದಲ ವರ್ಷದ ವಿದ್ಯಾರ್ಥಿಗಳಿಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ನಿಮಗೂ ನನಗೂ ನಡುವೆ ಎಂಟೊಂಬತ್ತು ತಲೆಮಾರು ಕಳೆದಿವೆ. ನಿಮ್ಮ ಕಾಲದ ಕನ್ನಡವನ್ನು ನಾನು ಪುಸ್ತಕ ನೋಡಿ ಕಲಿತವಳು. ಮಾತು ಎಲ್ಲಾದರೂ ಒರಟಾಗಿ ಕಂಡರೆ, ಕೇಳರಿಯದ ಪದ ಎದುರಾದರೆ, ಕ್ಷಮಿಸಿ. ಈ ಕಾಗದವನ್ನು ಹಿಮ್ಮುಖ ಅಂಚೆಗೆ ಹಾಕುತ್ತಿದ್ದೇನೆ. ಹಿಂದಿನ ಕಾಲದವರಿಗೆ ಬರೆಯಲು ಸರಕಾರ ಒಬ್ಬರಿಗೆ ಜನ್ಮಕ್ಕೊಂದು ಸಲ ಕೊಡುವ ಸೌಕರ್ಯ ಅದು. ನಿಜವಾಗಿ ತಲುಪಿಸುತ್ತಾರೋ, ಮಂಡಕ್ಕಿ ಕಟ್ಟಲು ಮಾರಿಕೊಳ್ಳುತ್ತಾರೋ, ಯಾರು ಕಂಡವರು? ಮನೆಯಲ್ಲಿ ನನ್ನನ್ನು ಅನುಮಾನದ ಹಾಲಮ್ಮ ಎಂದೇ ಕರೆಯುತ್ತಾರೆ. ಆ ಹೆಸರಿಗೆ ನನಗೆ ಬೇಸರವಿಲ್ಲ.

ನಮ್ಮಲ್ಲಿ ಬೆಳಗಾಗುವುದು ತಣಿನೀರಿನಿಂದ. ಹಾಸಿಗೆ ಬಿಟ್ಟು ಎದ್ದವರು ಮೊದಲು ಅದನ್ನು ಬಾಯಿ ತುಂಬ ಮುಕ್ಕಳಿಸುತ್ತಾರೆ, ಆಮೇಲೆಯೇ ಚಹ. ಆ ನೀರು ವಸಡಿನ ಸಣ್ಣ ಸಣ್ಣ ರಕ್ತನಾಳಗಳನ್ನು ಬಿಗಿದು ಹಿಡಿಯುತ್ತದೆ. ಕೆಂಪು ಇಳಿಯುತ್ತದೆ, ಊತ ಕಾಣುವುದಿಲ್ಲ, ರಕ್ತವಂತೂ ಬರುವುದೇ ಇಲ್ಲ. ಮೇಲಿಂದ ಹಲ್ಲು ಬಿಳುಪಾಗುತ್ತದೆ. ಓಣಿ ಓಣಿಗೂ ಒಂದು ಬಾಯಿಕಟ್ಟೆ ಇದೆ. ಕಟ್ಟೆಯ ಮೇಲಿನ ಕನ್ನಡಿಗೆ ವಾರಕ್ಕೊಮ್ಮೆ ಬಾಯಿ ತೆರೆದು ತೋರಿಸಬೇಕು. ವಸಡು ತಿಳಿಗುಲಾಬಿಯಾಗಿದ್ದರೆ ಕನ್ನಡಿ ಹಸಿರಾಗುತ್ತದೆ, ರಕ್ತದ ಸುಳಿವು ಕಂಡರೆ ಗಂಟೆ ಬಾರಿಸುತ್ತದೆ. ಗಂಟೆ ಬಾರಿಸಿಕೊಂಡವರು ಒಂದು ವರ್ಷ ಪಂಕ್ತಿಯಲ್ಲಿ ಬಡಿಸುವ ಹಾಗಿಲ್ಲ, ಸಭೆಯಲ್ಲಿ ಊದುವ ವಾದ್ಯ ಮುಟ್ಟುವ ಹಾಗಿಲ್ಲ. ಹೆಣ್ಣು ನೋಡಲು ಬಂದವರು ಮೊದಲು ಹುಡುಗಿಯ ವಸಡು ನೋಡುತ್ತಾರೆ, ಹುಡುಗಿಯ ಸೋದರತ್ತೆ ಹುಡುಗನ ವಸಡು ನೋಡುತ್ತಾಳೆ, ಆಮೇಲೆ ಉಪ್ಪಿಟ್ಟು ಬರುತ್ತದೆ. ಹಲ್ಲುಜ್ಜುವ ಬ್ರಷ್ಷನ್ನು ನಮ್ಮ ಮಕ್ಕಳು ಚಿತ್ರದಲ್ಲಿ ಕಂಡಿದ್ದಾರೆ, ಅಷ್ಟೆ. ನಲವತ್ತು ದಾಟುತ್ತಿದ್ದಂತೆ ಹಲ್ಲು ಒಂದೊಂದೇ ಸಡಿಲವಾಗಿ ಬೀಳುತ್ತದೆ. ಬಿದ್ದ ಜಾಗಕ್ಕೆ ಕಟ್ಟೆಯಲ್ಲಿ ಪುಕ್ಕಟೆ ಗೂಟದ ಹಲ್ಲು ಕೂರಿಸುತ್ತಾರೆ. ತಲೆಗೂದಲು ನರೆಯುವುದಿಲ್ಲವೇ, ಹಾಗೆಯೇ ಇದೂ ವಯಸ್ಸು ಎಂದು ಊರೆಲ್ಲ ನಂಬಿದೆ.

ನಾನು ನಂಬಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ನನ್ನ ಕೆಲಸ ಹಳೆಯ ಬಾಯಿವಿದ್ಯೆ ಕಲಿಸುವುದು, ಅಂದರೆ ನೀವೀಗ ಓದುತ್ತಿರುವುದನ್ನು ಇತಿಹಾಸವೆಂದು ಹೇಳಿಕೊಡುವುದು. ನಿಮ್ಮ ಪಠ್ಯಗಳಲ್ಲಿ ಉಳಿದಷ್ಟನ್ನು ಓದಿದ್ದೇನೆ. ಹಲ್ಲಿನ ಮೇಲೆ ಕಣ್ಣಿಗೆ ಕಾಣದ ಜೀವಿಗಳು ಪಾಚಿ ಕಟ್ಟುತ್ತವೆ. ಉಜ್ಜಿ ತೆಗೆಯದಿದ್ದರೆ ಜೊಲ್ಲಿನ ಖನಿಜ ಸೇರಿ ಅದು ಕಲ್ಲಾಗುತ್ತದೆ. ವಸಡು ಕೆರಳಿ ಹಲ್ಲಿನಿಂದ ಬಿಡಿಸಿಕೊಂಡು ಚೀಲವಾಗುತ್ತದೆ. ಆ ಚೀಲದ ಬುಡದಲ್ಲಿ ಹಲ್ಲನ್ನು ಹಿಡಿದ ಮೂಳೆ ಸದ್ದಿಲ್ಲದೆ ಕರಗುತ್ತದೆ. ಇಷ್ಟಾದರೂ ನೋವಿರುವುದಿಲ್ಲ. ಇವನ್ನೆಲ್ಲ ಪರೀಕ್ಷೆಗೆಂದು ನೀವು ಬಾಯಿಪಾಠ ಮಾಡುತ್ತೀರಿ, ಗೊತ್ತು. ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಒಂದು ಅಡಿಟಿಪ್ಪಣಿ. ತಂಬಾಕು ಬಳಸುವವರ ವಸಡು ರೋಗವಿದ್ದರೂ ಹೆಚ್ಚು ರಕ್ತ ಸುರಿಸುವುದಿಲ್ಲ, ಆದ್ದರಿಂದ ಕಣ್ಣನ್ನು ನಂಬದೆ ಅಳೆದು ನೋಡಿ ಎಂದಿತ್ತು. ಒಂದು ಎಲೆ ರಕ್ತವನ್ನು ಬಚ್ಚಿಡಬಲ್ಲದಾದರೆ, ಊರಿಗೆ ಊರೇ ಮುಕ್ಕಳಿಸುವ ನೀರು ಇನ್ನೇನನ್ನು ಬಚ್ಚಿಟ್ಟಿರಬೇಡ?

ನನ್ನ ತಮ್ಮ ಕೊಟ್ರೇಶ ಸನಾದಿ ನುಡಿಸುತ್ತಾನೆ. ಮದುವೆಯ ಮನೆಯಲ್ಲಿ ಅವನು ಊದಲು ಕೂತರೆ ಅಡುಗೆಯವರೂ ಸೌಟು ಕೆಳಗಿಟ್ಟು ಬರುತ್ತಾರೆ. ವಯಸ್ಸು ಮೂವತ್ತಾರು. ಯುಗಾದಿ ಕಳೆದ ಮೇಲೆ ಮೇಲಿನ ಸ್ವರಗಳು ಅವನಿಗೆ ನಿಲ್ಲದಾದವು. ಮೊದಲು ಸನಾದಿಯ ತುದಿಯ ಪೀಪಿಯನ್ನು ಬೈದ, ಆಮೇಲೆ ಹವೆಯನ್ನು ಬೈದ. ತುಟಿಯ ಹಿಂದೆ ಆಸರೆಯಾಗಿ ನಿಲ್ಲಬೇಕಾದ ಎರಡು ಮುಂಬಲ್ಲೇ ಕದಲುತ್ತಿರಬಹುದು ಎಂದು ನಾನು ಹೇಳಿದಾಗ ನಕ್ಕುಬಿಟ್ಟ. “ಯಕ್ಕಾ, ಕಟ್ಟಿ ಹಸ್ರು ತೋರ್ಸೈತಿ. ರಕ್ತಾನ ಇಲ್ಲ ಅಂದಮ್ಯಾಗ ರೋಗ ಎಲ್ಲೈತಿ?” ಗೂಟದ ಹಲ್ಲಿಟ್ಟುಕೊಂಡು ಸನಾದಿ ಊದಿದವರಿಲ್ಲ, ಗೂಟಕ್ಕೆ ಒತ್ತು ತಿಳಿಯುವುದಿಲ್ಲ, ಸ್ವರ ಜಾರುತ್ತದೆ. ಆ ಎರಡು ಮುಂಬಲ್ಲು ಹೋದರೆ ಅವನ ಸನಾದಿಯೂ ಹೋಯಿತು.

ನಿಮ್ಮ ಪುಸ್ತಕದ ಚಿತ್ರ ತೋರಿಸಿ ಅಕ್ಕಸಾಲಿಗನಿಂದ ಒಂದು ಪ್ರೋಬ್ ಮಾಡಿಸಿದ್ದೆ. ಮಿಲಿಮೀಟರಿಗೊಂದು ಗೀರು ಎಳೆದ, ಮೊಂಡು ತುದಿಯ ತೆಳ್ಳನೆಯ ಕಡ್ಡಿ. ಒಂದು ಭಾನುವಾರ ಊಟವಾದ ಮೇಲೆ ಅವನನ್ನು ಜಗಲಿಯ ಬೆಳಕಿಗೆ ಕೂರಿಸಿ, ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಕಡ್ಡಿಯನ್ನು ವಸಡಿನ ಅಂಚಿಗೆ ಮೆಲ್ಲಗೆ ಇಳಿಸಿದೆ. ಆರೋಗ್ಯದ ವಸಡಿನಲ್ಲಿ ಅದು ಮೂರನೇ ಗೀರಿನೊಳಗೆ ನಿಲ್ಲಬೇಕೆಂದು ನೀವು ಕಲಿತಿದ್ದೀರಿ. ಅದು ನಾಲ್ಕು ದಾಟಿತು, ಐದು ದಾಟಿತು, ಏಳನೇ ಗೀರೂ ವಸಡಿನೊಳಗೆ ಮುಳುಗಿತು. ಹೊರಗೆಳೆದರೆ ಒಂದು ಹನಿ ರಕ್ತವಿಲ್ಲ. ಅಷ್ಟು ಆಳದ ಗಾಯ, ಅಷ್ಟು ಚೆಂದದ ಗುಲಾಬಿ ಬಣ್ಣ. ನನಗೆ ಸಿಟ್ಟು ಬಂತು. ಕನ್ನಡಿ ಹಿಡಿದು ಅವನಿಗೂ ತೋರಿಸಿದೆ.

ತಣಿನೀರು ಬಿಡು, ಒಳಗಿನ ಕಲ್ಲು ಕೆರೆದು ತೆಗೆಯುತ್ತೇನೆ, ಹಲ್ಲಿನ ಸಂದಿಗಳನ್ನು ದಿನಾ ಶುಚಿ ಮಾಡಿಕೋ ಎಂದೆ. ನೀರು ಬಿಟ್ಟರೆ ವಸಡು ತನ್ನ ನಿಜವಾದ ಸ್ಥಿತಿ ಹೇಳುತ್ತದೆ, ಕಟ್ಟೆಯಲ್ಲಿ ಗಂಟೆ ಹೊಡೆಯುತ್ತದೆ, ಮದುವೆಯ ಹಂಗಾಮು ಪೂರ್ತಿ ಕೈತಪ್ಪುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನ ಹೆಂಡತಿ ದಾನವ್ವ ನನ್ನ ಮೇಲೆ ಹರಿಹಾಯ್ದಳು. “ನಿಮ್ಮ ಅನುಮಾನಕ್ಕ ನನ್ನ ಗಂಡನ ಬಾಯಿನ ಬೇಕಾಗಿತ್ತೇನ್ ಅಕ್ಕಾರ?” ಅವಳದ್ದು ತಪ್ಪಲ್ಲ. ಕೊಟ್ರೇಶ ಕೊನೆಗೆ ಒಪ್ಪಿದ್ದು ನನ್ನ ಮಾತಿಗಲ್ಲ. ಅಂದು ಸಂಜೆ ಮತ್ತೆ ಊದಿ ನೋಡಿ, ಸ್ವರ ನಿಲ್ಲದೆ, ಸನಾದಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಬಂದು ಒಪ್ಪಿದ. ಒಂದು ವಾರ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ ಉಗುಳಿದ ನೀರು ಕೆಂಪಾಗಿತ್ತು. ದಾನವ್ವ ಕಿರುಚಿದಳು. ನಾನು ಸಂತೋಷಕ್ಕೆ ಅತ್ತೆ. ಎಷ್ಟೋ ವರ್ಷ ಬಾಯಿ ಕಟ್ಟಿಸಿಕೊಂಡಿದ್ದ ವಸಡು ಕೊನೆಗೂ ಕೂಗಿಕೊಂಡಿತ್ತು. ಈ ನಾಲ್ಕೈದು ದಿನದಲ್ಲಿ ಕಲ್ಲೆಲ್ಲ ತೆಗೆದಿದ್ದೇನೆ, ರಕ್ತ ದಿನದಿಂದ ದಿನಕ್ಕೆ ತಾನಾಗಿಯೇ ಕಡಿಮೆಯಾಗುತ್ತಿದೆ. ಕರಗಿದ ಮೂಳೆ ತಾನಾಗಿ ಮರಳದು. ಹಲ್ಲು ನಿಲ್ಲುತ್ತದೋ ಇಲ್ಲವೋ ಹೇಳಲಾರೆ.

ಇನ್ನು ನಿಮ್ಮ ಮೇಲಿನ ಅನುಮಾನಕ್ಕೆ ಬರುತ್ತೇನೆ. ತಣಿನೀರನ್ನು ಮೊದಲು ಮಾಡಿದ್ದು ಯಾವ ಕಳ್ಳನೂ ಅಲ್ಲ. ದಂತ ಸ್ವಚ್ಛತೆ ಓದುತ್ತಿದ್ದ ಒಬ್ಬ ಮೃದು ಮನಸ್ಸಿನ ವಿದ್ಯಾರ್ಥಿ, ಬಟ್ಟಲಲ್ಲಿ ರಕ್ತ ಕಂಡು ಹೆದರಿ ಮತ್ತೆ ಬಾರದೆ ಹೋದ ರೋಗಿಗಳಿಗಾಗಿ ಮರುಗಿ ಮಾಡಿದ್ದು ಎಂದು ನಮ್ಮಲ್ಲಿ ಹೇಳುತ್ತಾರೆ. ಹೆಸರು ಉಳಿದಿಲ್ಲ, ಆ ವಿದ್ಯಾರ್ಥಿ ಓದಿದ ವರ್ಷ ಮಾತ್ರ ಉಳಿದಿದೆ, ಅದು ನೀವು ಓದುತ್ತಿರುವ ವರ್ಷವೇ. ಅದಕ್ಕೇ ಕಾಗದ ನಿಮ್ಮ ತರಗತಿಗೆ. ನಿಮ್ಮಲ್ಲಿ ಯಾರು ಎಂದು ನಾನು ಕೇಳುವುದಿಲ್ಲ. ಎಲ್ಲರನ್ನೂ ಅನುಮಾನಿಸುತ್ತೇನೆ, ಎಲ್ಲರಿಗಿಂತ ಹೆಚ್ಚು ನಿಮ್ಮಲ್ಲಿ ಒಳ್ಳೆಯವರನ್ನು.

ರಕ್ತ ಕಾಣಿಸಿದ ಮೇಲೆ ಕೊಟ್ರೇಶನಿಗೆ ಇವತ್ತೇ ಮೊದಲ ಕಟ್ಟೆಯ ದಿನ. ಎರಡು ಗುಟುಕು ತಣಿನೀರು ಮುಕ್ಕಳಿಸಿದ್ದರೆ ಸಂಜೆಯ ಮದುವೆಯಲ್ಲಿ ಊದಬಹುದಿತ್ತು. ದಾನವ್ವ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವನು ಪಕ್ಕಕ್ಕೆ ಸರಿದು ನಡೆದುಬಿಟ್ಟ. ಕಿಟಕಿಯಿಂದ ನನಗೆ ಕಟ್ಟೆ ಕಾಣುತ್ತದೆ. ಗಂಟೆ ಹೊಡೆಯುತ್ತಿದೆ. ಸಾಲಿನಲ್ಲಿದ್ದ ಜನ ಹಿಂದೆ ಸರಿದಿದ್ದಾರೆ. ಅವನು ತಲೆ ತಗ್ಗಿಸಿ ಮನೆಗೆ ಬರುತ್ತಾನೆಂದುಕೊಂಡಿದ್ದೆ, ಬರಲಿಲ್ಲ. ಅವರತ್ತ ತಿರುಗಿ, ಬೆರಳಿನಿಂದ ತುಟಿ ಮೇಲೆತ್ತಿ, ಒಬ್ಬೊಬ್ಬರಿಗೂ ತೋರಿಸುತ್ತಿದ್ದಾನೆ. ಯಾರೂ ಹತ್ತಿರ ಹೋಗುತ್ತಿಲ್ಲ.

ನಾನು ಹೋಗಬೇಕು. ನಾಳೆ ನಿಮ್ಮ ಕುರ್ಚಿಯಲ್ಲಿ ಕೂತವರ ವಸಡಿನಲ್ಲಿ ರಕ್ತ ಕಂಡಾಗ ಅದನ್ನು ಮುಚ್ಚಲು ಆತುರಪಡಬೇಡಿ. ಏಕೆ ಬಂತೆಂದು ಹುಡುಕಿ, ಅಳೆಯಿರಿ, ಶುಚಿ ಮಾಡಿ, ಅವರ ಹೆದರಿಕೆಗೆ ಮಾತಿನಲ್ಲಿ ಸಮಾಧಾನ ಹೇಳಿ. ಇಲ್ಲಿ ನನ್ನ ತಮ್ಮ ಬಾಯಿ ತೆರೆದು ನಿಂತಿದ್ದಾನೆ. ನೀವಾದರೂ ಒಳಗೆ ನೋಡಿ.

ಹಾಲಮ್ಮ