ಮೂರನೆಯ ಸಲದ ಸೂಜಿ

ಎಂಡೋಸ್ಕೋಪಿ ವಿಭಾಗ, ಮೂರನೇ ಮಹಡಿ
ಬುಧವಾರ, ನವೆಂಬರ್ ೧೨, ಊಟದ ವಿರಾಮ

ಪ್ರೀತಿಯ ಗುಂಡಾ,

ಹೇಗಿದ್ದೀಯೋ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀ ತಾನೇ? ಸುಳ್ಳು ಹೇಳಬೇಡ, ಹೋದ ಸಲದ ಫೋಟೋದಲ್ಲಿ ನಿನ್ನ ಕತ್ತಿನ ಮೂಳೆ ಎಣಿಸುವ ಹಾಗಿತ್ತು. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ಅದಕ್ಕೇ ಸೀದಾ ಅಪ್ಪನ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತೇನೆ.

ಆಗಸ್ಟಿನಲ್ಲಿ ನೀನು ರಜೆಯಲ್ಲಿದ್ದಾಗ ಅಪ್ಪನ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಕಂಡಿತಲ್ಲ, ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ ದಿನ ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೇನಾಯಿತೆಂದು ನಿನಗೆ ಗೊತ್ತಿಲ್ಲ. ಸ್ವಂತದವರು ಮೇಜಿನ ಮೇಲಿದ್ದರೆ ನಾವು ನರ್ಸುಗಳು ಸೂಜಿಯ ಹತ್ತಿರ ನಿಲ್ಲಬಾರದು, ಅದು ನಮ್ಮ ಕೋಣೆಯ ಕಟ್ಟುನಿಟ್ಟಿನ ನಿಯಮ. ಆದರೆ ಅಪ್ಪನ ಹಟ ಗೊತ್ತಲ್ಲ! ‘ನಲವತ್ತು ವರ್ಷ ಸೂಜಿ ಹಿಡಿದ ದರ್ಜಿ ನಾನು, ನನಗೇ ಸೂಜಿ ಹಾಕ್ತಾರಂತೆ! ಮಗಳು ಪಕ್ಕದಲ್ಲಿದ್ರೆ ಮಲಗ್ತೀನಿ, ಇಲ್ಲಾಂದ್ರೆ ಎದ್ದು ಹೋಗ್ತೀನಿ’ ಎಂದ. ಡಾಕ್ಟರ್ ನಕ್ಕು ಒಪ್ಪಿದರು. ಹದಿನೈದು ವರ್ಷದ ಅನುಭವವಿದೆ ಎಂಬ ಜಂಬದಲ್ಲಿ ನಾನೂ ಒಪ್ಪಿದೆ.

ಬಾಯಿಂದ ಇಳಿಸುವ ಕೊಳವೆಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುತ್ತದೆ. ಅದು ತೋರಿಸಿದಂತೆ, ನಡುವೆ ರಕ್ತನಾಳ ಇಲ್ಲವೆಂದು ನೋಡಿಕೊಂಡು, ಜಠರದ ಗೋಡೆ ದಾಟಿಸಿ ಸೂಜಿಯನ್ನು ಗಡ್ಡೆಯೊಳಗೆ ಇಳಿಸುತ್ತಾರೆ. ಒಂದೇ ಕಡೆ ಚುಚ್ಚಿದರೆ ಆಗದು, ಬೀಸಣಿಗೆ ಬಿಚ್ಚಿದ ಹಾಗೆ ಬೇರೆಬೇರೆ ದಿಕ್ಕಿಗೆ ಆಡಿಸಬೇಕು. ಸೂಜಿ ಹೊರಬಂದ ಮೇಲೆ ಒಳಗಿನದನ್ನು ತಟ್ಟೆಗೆ ತಳ್ಳಿ, ರಕ್ತದ ನಡುವೆ ಗಡ್ಡೆಯ ಬಿಳಿಯ ಎಳೆ ಇದೆಯೇ ಎಂದು ನೋಡಿ ಹೇಳುವುದು ನನ್ನ ಕೆಲಸ. ಬಂದ ಚೂರು ಸಾಕೇ ಎಂದು ಅಲ್ಲೇ ನೋಡಿ ಹೇಳುವ ಮೈಕ್ರೋಸ್ಕೋಪಿನವರು ಕೋಣೆಯಲ್ಲಿ ಇಲ್ಲದ ದಿನ ಮೂರು ಸಲಕ್ಕೆ ಕಡಿಮೆ ಚುಚ್ಚುವಂತಿಲ್ಲ ಎಂದು ಹೊಸಬರಿಗೆ ಪಾಠ ಹೇಳುವವಳೂ ನಾನೇ. ಅವತ್ತು ಅವರು ಇರಲಿಲ್ಲ. ಮೊದಲ ಸಲ ಬರೀ ರಕ್ತ. ಎರಡನೇ ಸಲ ಕೂದಲೆಳೆಯಷ್ಟು ಬಿಳಿ. ಅಷ್ಟರಲ್ಲಿ ಅಪ್ಪ ಮಂಪರಿನಲ್ಲೇ ನರಳಿ ನನ್ನ ಏಪ್ರನ್ನಿನ ಅಂಚು ಹಿಡಿದುಕೊಂಡ. ‘ಇನ್ನೊಂದ್ಸಲ ಹೋಗ್ಲಾ?’ ಎಂದು ಡಾಕ್ಟರ್ ಕೇಳಿದರು. ‘ಸಾಕು ಸರ್, ಎಳೆ ಚೆನ್ನಾಗಿ ಬಂದಿದೆ’ ಎಂದುಬಿಟ್ಟೆ. ನನ್ನ ಮಾತನ್ನು ಅವರು ಎಂದೂ ಅನುಮಾನಿಸಿದವರಲ್ಲ. ಗಿರಾಕಿ ಎಷ್ಟು ಗೊಣಗಿದರೂ ‘ಇನ್ನೊಂದ್ಸಲ ತಿರುಗಿ’ ಎಂದು ಮೂರು ಸಲ ಅಳತೆ ತೆಗೆಯುವ ಅಪ್ಪನ ಮಗಳು ಕಣೋ ನಾನು!

ವಾರದ ಮೇಲೆ ವರದಿ ಬಂತು. ಮೊದಲ ಸಾಲಿನಲ್ಲಿ ಕ್ಯಾನ್ಸರ್ ಕಣಗಳು ಕಂಡುಬಂದಿಲ್ಲ ಎಂದಿತ್ತು. ಎರಡನೆಯದರಲ್ಲಿ, ಮಾದರಿ ಸಾಲದು, ಮತ್ತೆ ತೆಗೆಯಬೇಕು ಎಂದಿತ್ತು. ನಿನ್ನ ಬ್ಯಾಗು ಬಾಗಿಲ ಬಳಿ ಕೂತಿತ್ತು. ‘ಹೋಗ್ಲಾ ಅಕ್ಕಾ, ಇರ್ಲಾ?’ ಎಂದು ನೀನು ಕೇಳಿದೆ. ನಾನು ಮೊದಲ ಸಾಲನ್ನಷ್ಟೇ ಓದಿದೆ. ಅಪ್ಪನ ಮುಖ ಅರಳಿದ್ದು ನೋಡಿ ಎರಡನೆಯದು ನಾಲಿಗೆಗೆ ಬರಲೇ ಇಲ್ಲ. ಸಿಗಲಿಲ್ಲ ಅನ್ನುವುದಕ್ಕೂ ಇಲ್ಲ ಅನ್ನುವುದಕ್ಕೂ ಅಜಗಜಾಂತರ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಹಡಗು ಹತ್ತಿದೆ. ಮತ್ತೆ ಚೂರು ತೆಗೆಯಬೇಕು, ಕರೆದುಕೊಂಡು ಬಾ ಎಂದು ಡಾಕ್ಟರ್ ಎರಡು ಸಲ ಹೇಳಿ ಕಳಿಸಿದರು. ‘ಏನೂ ಇಲ್ಲ ಅಂದ್ಮೇಲೆ ಮತ್ಯಾಕೆ ಚುಚ್ಚಿಸ್ಕೊಳ್ಳೋದು? ಶಾಲೆ ಯೂನಿಫಾರಂ ಹೊಲಿಗೆ ಮುಗೀಲಿ’ ಎಂದು ಅಪ್ಪ ಮುಂದೂಡಿದ. ನಾನೂ ಒತ್ತಾಯಿಸಲಿಲ್ಲ.

ಕಳೆದ ತಿಂಗಳು ಅಪ್ಪನ ಕಣ್ಣು ಹಳದಿಯಾಯಿತು. ಮತ್ತೆ ಸೂಜಿ ಹಾಕಿದರು. ಈ ಸಲ ನೀನು ಕೂತಿದ್ದ ಬೆಂಚಿನ ಮೇಲೆ ನಾನು ಕೂತಿದ್ದೆ. ನಾಲ್ಕು ಸಲ ಹೋದರಂತೆ, ದಪ್ಪ ಎಳೆಗಳು ಬಂದವಂತೆ. ಕ್ಯಾನ್ಸರ್, ಗುಂಡಾ. ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ, ಲಿವರಿಗೂ ಹೋಗಿದೆ. ಆಗಸ್ಟಿನಲ್ಲೇ ಗೊತ್ತಾಗಿದ್ದರೆ ಆಪರೇಷನ್ ಮಾಡಬಹುದಿತ್ತೇ ಎಂದು ಕೇಳಿದೆ. ಡಾಕ್ಟರ್ ಕನ್ನಡಕ ಒರೆಸುತ್ತಾ ‘ಬಹುಶಃ’ ಎಂದರು. ಆ ಒಂದು ಮಾತು ನನ್ನನ್ನು ಕೊಲ್ಲುತ್ತಿದೆ ಕಣೋ. ಅಮ್ಮ ಬದುಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು, ಆಮೇಲೆ ತಬ್ಬಿಕೊಳ್ಳುತ್ತಿದ್ದಳು. ಈಗ ಎರಡಕ್ಕೂ ಯಾರೂ ಇಲ್ಲ. ಡಾಕ್ಟರ ಎದುರು ಎಲ್ಲ ಒಪ್ಪಿಕೊಂಡಿದ್ದೇನೆ. ಉಳಿದವನು ನೀನು. ಬಾಯಿಗೆ ಬಂದ ಹಾಗೆ ಬೈಯಿ, ಮಾತು ಮಾತ್ರ ಬಿಡಬೇಡ.

ಜೊತೆಯ ಹುಡುಗರಿಗೆಲ್ಲ ನನ್ನ ನೆನಪು ತಿಳಿಸು. ‘ಅವನ ತಲೆ ಸವರಿದೆ ಅಂತ ಬರಿ’ ಎಂದು ಅಪ್ಪ ಹೇಳಿದ್ದಾನೆ. ಬರೆದಿದ್ದೇನೆ.

ನಿನ್ನ ಅಕ್ಕ

ವಿ.ಸೂ.: ನಿನ್ನ ಕಂಪನಿಯ ಕಚೇರಿಗೆ ಫೋನ್ ಮಾಡಿದ್ದೆ, ಇದರ ಫೋಟೋ ತೆಗೆದು ಹಡಗಿಗೆ ಕಳಿಸುತ್ತಾರಂತೆ. ಮುಂದಿನ ಬಂದರಿನಲ್ಲಿ ಇಳಿದುಬಿಡು. ವಾರಗಳ ಮಾತಾಡುತ್ತಿದ್ದ ಡಾಕ್ಟರ್ ಇವತ್ತು ಬೆಳಿಗ್ಗೆ ದಿನಗಳ ಮಾತಿಗೆ ಬಂದಿದ್ದಾರೆ. ನಿನ್ನೆ ಅಪ್ಪನ ಕಾಲೊತ್ತುತ್ತಾ ತಪ್ಪು ಹೇಳಿಕೊಳ್ಳಲು ಬಾಯಿ ತೆರೆದೆ. ಅವನೇ ತಡೆದ. ‘ಅವತ್ತು ನೀನು ಸಾಕು ಅಂದಿದ್ದು ನನಗೆ ಕೇಳಿಸ್ತು ಕಣೇ. ಎಷ್ಟು ಹಾಯಾಯ್ತು ಗೊತ್ತಾ?’ ಎಂದ. ಆಮೇಲೆ ಗೋಡೆಯ ಕಡೆ ಹೊರಳಿ, ‘ಗುಂಡ ಬರ್ತಾನಾ?’ ಎಂದು ಕೇಳಿದ. ಬರ್ತಾನಪ್ಪಾ ಎಂದು ಹೇಳಿ ಅವನ ಮುಖ ಅರಳಿಸಬಹುದಿತ್ತು. ಇನ್ನು ಅಂಥದ್ದು ನನ್ನಿಂದಾಗದು. ಗೊತ್ತಿಲ್ಲಪ್ಪಾ, ಕೇಳಿ ಹೇಳ್ತೀನಿ ಎಂದೆ. ಬರ್ತೀಯಾ?